ಅಕ್ಕನ ಎಡಗಾಲಿಗೆ ಕಟ್ಟಿದ ಪಟ್ಟಿ

ಹಾನಗಲ್ಲಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಕಾಲಿನ ಪಾಠ ಬಂದರೆ ಚಿತ್ರಪಟ ಬಿಡಿಸುತ್ತಿರಲಿಲ್ಲ, ನನ್ನ ಪ್ಯಾಂಟನ್ನೇ ಮೇಲೆ ಮಡಚಿ ಮೇಜಿನ ಮೇಲೆ ಕಾಲಿಡುತ್ತಿದ್ದೆ. ಮೈಯಲ್ಲೆಲ್ಲ ಉದ್ದನೆಯದು ತೊಡೆಯ ಎಲುಬು. ಮೊಣಕಾಲಿನ ಕೆಳಗೆ ಭಾರ ಹೊರುವ ದಪ್ಪ ಎಲುಬು, ಅದರ ಹೊರಮಗ್ಗುಲಿಗೆ ಒಂದು ಸಣ್ಣ ಎಲುಬು. ಸಣ್ಣದರ ತಲೆ ಗಂಟಿನಂತೆ ಕೈಗೆ ಸಿಗುತ್ತದೆ. ಹುಡುಗರೆಲ್ಲ ಮುಟ್ಟಿ ನೋಡಿಕೊಳ್ಳುತ್ತಿದ್ದರು. "ಭಾರ ಹೊರೂದು ದಪ್ಪದ್ದು, ಸಣ್ಣದು ಸುಮ್ಮನ ಜೋಡಿಗಿರತೈತಿ," ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಆ ಗಂಟಿನ ಕೆಳಗೆ ಏನು ಹಾದುಹೋಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ಏನೋ ಒಂದು ಹೇಳಿಬಿಡುತ್ತಿದ್ದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿಲ್ಲ.

ಅಕ್ಕ ಇರುವುದು ಹಿರೇಕೆರೂರಿನ ಹತ್ತಿರದ ಹಳ್ಳಿಯಲ್ಲಿ. ಭಾವ ತೀರಿಕೊಂಡ ಮೇಲೆ ಮನೆಯಲ್ಲಿ ಅವಳು ಮತ್ತು ಮಗಳು, ಇಬ್ಬರೇ. ಅಕ್ಕ 'ಕ್ರಾಸಿಂಗ್' ಕೆಲಸಕ್ಕೆ ಹೋಗುತ್ತಿದ್ದಳು. ಬೀಜಕ್ಕೆಂದು ಬೆಳೆಯುವ ಮೆಣಸಿನ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಗ್ಗು ಬಿಡಿಸಿ, ಗಂಡುಕೇಸರವನ್ನು ಚಿಮಟಿಗೆಯಿಂದ ಕಿತ್ತು, ಮರುದಿನ ಬೇರೆ ತಳಿಯ ಹೂವಿನ ಪರಾಗ ಮುಟ್ಟಿಸುವ ಕೆಲಸ. ಸಾಲು ಮುಗಿಯುವವರೆಗೆ ಏಳುವಂತಿಲ್ಲ, ಕೂತಲ್ಲೇ ಸರಿಯಬೇಕು. ಅಕ್ಕನ ಕೈ ತಾಗಿದ ಮೊಗ್ಗು ಉದುರುವುದಿಲ್ಲ ಎಂದು ಸುತ್ತಿನ ಹೊಲದವರು ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಅದೊಂದು ಹೆಮ್ಮೆ ಅವಳಿಗೆ.

ಹೀಗೆ ಕೂತೂ ಕೂತೂ ಎಡ ಮೊಣಕಾಲು ಬಾತಿತು. ದವಾಖಾನೆಗೆ ಹೋಗೋಣವೆಂದಳು. ನಾನಿರುವಾಗ ದವಾಖಾನೆ ಯಾಕೆ ಎಂದು ಔಷಧದ ಅಂಗಡಿಯಿಂದ ಹಿಗ್ಗುವ ಪಟ್ಟಿ ತಂದು, ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗಿನವರೆಗೆ ಬಿಗಿದು ಸುತ್ತಿದೆ. ಹೇಗೆ ಸುತ್ತಬೇಕೆಂದು ಅಕ್ಕನ ಮಗಳಿಗೂ ಕಲಿಸಿದೆ.

"ಹತ್ತ ದಿನ ಬಿಚ್ಚಬ್ಯಾಡ. ಬಿಚ್ಚಿದ್ರ ಮತ್ತ ನನ್ನ ಕರೀಬ್ಯಾಡ," ಎಂದೂ ಹೇಳಿದೆ.

ಮೂರನೆಯ ದಿನ ಫೋನು ಬಂತು. "ಪಾದದ ಮ್ಯಾಲ ಜುಮುಜುಮು ಅನ್ನಾಕತ್ತೈತಿ, ತಮ್ಮಾ."

"ಬಾವು ಇಳಿಯೂ ಮುಂದ ಹಂಗ ಆಗತೈತಿ. ನೀ ಡಾಕ್ಟರ್ ಆಗಾಕ ಹೋಗಬ್ಯಾಡ. ರವಿವಾರ ಬಂದು ನೋಡ್ತೇನಿ," ಎಂದೆ.

ರವಿವಾರ ಹೋದರೆ ಪಟ್ಟಿ ನಾನು ಸುತ್ತಿದ ಹಾಗೇ ಇತ್ತು. ಶಹಬ್ಬಾಸ್ ಎಂದು ಚಹಾ ಕುಡಿದು ಬಂದೆ. ಹತ್ತನೆಯ ದಿನ ಬಿಚ್ಚಿದಾಗ ಬಾವು ಇಳಿದಿತ್ತು, ಆದರೆ ಪಾದ ಮೇಲೇಳಲಿಲ್ಲ. ಅಂಗಳ ದಾಟುವಷ್ಟರಲ್ಲಿ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿದಿತ್ತು. ಅಕ್ಕನಿಗೆ ಅದು ಗೊತ್ತೇ ಆಗಿರಲಿಲ್ಲ.

ಹಾವೇರಿಯ ಡಾಕ್ಟರು ಅಕ್ಕನನ್ನು ಹೊರಗೆ ಕೂರಿಸಿ ನನಗೆ ಹೇಳಿದರು. ಪಾದವನ್ನೂ ಬೆರಳುಗಳನ್ನೂ ಮೇಲೆತ್ತಿಸುವ ನರ ಆ ಸಣ್ಣ ಎಲುಬಿನ ಕುತ್ತಿಗೆಯನ್ನು ಬಳಸಿಕೊಂಡು ಹೋಗುತ್ತದಂತೆ. ಅದರ ಮೇಲೆ ಮಾಂಸವಿಲ್ಲ, ಬರೀ ಚರ್ಮ. ಪಟ್ಟಿ ಬಿಗಿದದ್ದು ಸರಿಯಾಗಿ ಅಲ್ಲೇ. ಒಂದು ವರ್ಷದೊಳಗೆ ಪಾದ ಎದ್ದರೆ ಎದ್ದಿತು, ಆಮೇಲೆ ಆಸೆ ಇಟ್ಟುಕೊಳ್ಳಬೇಡಿ ಎಂದರು.

"ಇಷ್ಟು ಬಿಗಿ ಯಾರು ಕಟ್ಟಿದ್ದು?"

"ಊರಾಗ ಯಾರೋ ಕಟ್ಯಾರ್ರಿ," ಎಂದೆ. ಇದಕ್ಕಿಂತ ನಾಚಿಕೆಗೇಡಿನ ಮಾತನ್ನು ನಾನು ಜನ್ಮದಲ್ಲಿ ಆಡಿಲ್ಲ. ಮನೆಗೆ ಬಂದು, ಕಾಲಿಗೆ ಸಣ್ಣ ಲಕ್ವಾ ಹೊಡೆದಿದೆಯಂತೆ ಎಂದು ತಾಯಿ ಮಗಳಿಬ್ಬರಿಗೂ ಹೇಳಿದೆ.

ಆಮೇಲೆ ವಾರವಾರವೂ ಬಸ್ಸು ಹತ್ತಿ ಹೋದೆ. "ಎತ್ತು ನೋಡೂಣು," ಎನ್ನುತ್ತಿದ್ದೆ. ಅಕ್ಕ ಹಲ್ಲು ಕಚ್ಚುವಳು, ತೊಡೆ ಬಿಗಿಯುವುದು, ಹೆಬ್ಬೆರಳು ಮಾತ್ರ ಸತ್ತಂತೆ ಬಿದ್ದಿರುವುದು. ನಡೆಯುವಾಗ ಬೆರಳು ನೆಲಕ್ಕೆ ಎಡವದಿರಲೆಂದು ಕೆಸರುಗದ್ದೆಯಲ್ಲಿ ನಡೆದಂತೆ ಮೊಣಕಾಲನ್ನು ಮೇಲೆತ್ತಿ ಇಡುತ್ತಾಳೆ. ಹೊಲದಲ್ಲಿ ಆ ಬೆರಳಿಗೆ ಸಿಕ್ಕಿ ಗಿಡಗಳು ಮುರಿದವು. ಕೆಲಸಕ್ಕೆ ಬರಬೇಡವೆಂದರು. ಈಗ ಒಂದೂವರೆ ವರ್ಷ. ಪಾದ ಏಳುವುದಿಲ್ಲ, ನನಗೆ ಗೊತ್ತು.

ಹೋದ ತಿಂಗಳು ತಡೆಯಲಾಗದೆ ಹೇಳಿಬಿಟ್ಟೆ: ಲಕ್ವಾ ಅಲ್ಲ ಅಕ್ಕ, ನಾನು ಕಟ್ಟಿದ ಪಟ್ಟಿ. ಅವಳು ಜೋಳದಲ್ಲಿನ ಹರಳು ಆರಿಸುತ್ತಿದ್ದಳು.

"ಗೊತ್ತೈತಿ. ನಿನಗ ಫೋನ್ ಮಾಡಿದ ದಿನಾನ ಬಿಚ್ಚಿ ಒಗದಿದ್ನಿ. ಮುಂಜಾನಿ ಅನ್ನೂದ್ರಾಗ ಜುಮುಜುಮು ಹೋತು. ಬೆರಳ ಆಡ್ತಿದ್ವು."

"ಮತ್ತ?"

"ರವಿವಾರ ನೀ ಬರಾಂವ ಇದ್ದೆಲ್ಲ. ಬಿಚ್ಚಿದ್ದು ನೋಡಿದ್ರ ಸಿಟ್ಟಿಗೇಳ್ತಿ ಅಂತ, ಅವತ್ತ ಮುಂಜಾನಿ ಮಗಳ ಕಡಿಂದ ಮತ್ತ ಕಟ್ಟಿಸಿಕೊಂಡ್ನಿ. ಪಾಪ, ನೀ ಕಲಿಸಿದಂಗ ಬಿಗಿಯಾಗಿ ಕಟ್ಟಿದ್ಲು. ನೀ ಶಹಬ್ಬಾಸ್ ಅಂದ ಮ್ಯಾಲ ಹತ್ತ ದಿನ ತುಂಬೂತನಕ ಮತ್ತ ಬಿಚ್ಚಲಿಲ್ಲ."

ನನಗಿಂತ ಆರು ವರ್ಷ ದೊಡ್ಡವಳು ನನ್ನ ಸಿಟ್ಟಿಗೆ ಅಂಜಿ ಕಾಲು ಕಳೆದುಕೊಂಡಿದ್ದಳು. ನನಗೆ ಅಳು ಬಂತು. ಅಕ್ಕ ಅಡಿಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು.

"ಮೆಲ್ಲಕ. ಆಕೀಗೆ ಲಕ್ವಾ ಅಂತನ ಗೊತ್ತಿರ್ಲಿ. ಕಟ್ಟಿದ್ದು ಆಕಿ ಕೈ."

ಅಷ್ಟರಲ್ಲಿ ಮಗಳು ಚಹಾ ತಂದಳು. ನನ್ನ ಮುಂದೆ ಇಟ್ಟು, ಪ್ರತಿ ಸಲದಂತೆ ಕೇಳಿದಳು: "ಮಾಮಾ, ಅವ್ವನ ಪಾದ ಯಾವಾಗ ಎದ್ದೀತ್ರಿ?"

"ಇನ್ನೊಂದೀಟು ದಿನ ಹೋಗ್ಲಿ, ಎದ್ದೀತು," ಎಂದೆ.