ಎರಡನೆಯ ಸಾಲಿನ ನಡುವೆ

ಶನಿವಾರ ಬೆಳಗಿನ ಸಾಲೆ ಬಿಟ್ಟು ಮನೆಗೆ ಬಂದಾಗ ಕುರಿ ಕಾಯುವ ಬೀರಪ್ಪ ಕಟ್ಟೆಯ ಮೇಲೆ ಕುಳಿತಿದ್ದ.

"ಮಾಸ್ತರ, ನಾಳೆ ಮೊಮ್ಮಗಳ ತೊಟ್ಟಲಾ ಐತ್ರಿ. ಪೇಟಿ ತಗೊಂಡ ಬರ್ರಿ."

ನಮ್ಮದು ಮೂವರ ಮೇಳ: ನನ್ನ ಹಾರ್ಮೋನಿಯಂ ಪೇಟಿ, ತಮ್ಮನ ತಬಲಾ, ಹೆಂಡತಿಯ ಹಾಡು. ಡಫಳಾಪುರದಿಂದ ಗುಡ್ಡಾಪುರದವರೆಗೆ ಮೈಕಿಲ್ಲದೆ, ಅವಳೇ ಕಟ್ಟಿದ ಹಾಡುಗಳನ್ನು ಹಾಡಿದ್ದೆವು. ಅವಳು ತೀರಿಕೊಂಡ ಮೇಲೆ ನಾನು ಪೇಟಿ ಮುಟ್ಟಿರಲಿಲ್ಲ.

"ಹಾಡವರ ಇಲ್ಲಲ್ಲೋ, ಬೀರಪ್ಪ."

"ನೀವು ಬರೇ ಬಾರಸ್ರಿ. ಅವರ ಹಾಡಾ ನಮ್ಮನಿ ಬೀಸೂ ಕಲ್ಲಿಗೂ ಬಾಯಿಪಾಠ ಆಗ್ಯಾವ."

ಮರುದಿನ ಹೆಂಗಸರು ತೊಟ್ಟಿಲ ಸುತ್ತ ನಿಂತು ಅವಳ ಜೋಗುಳ ಎತ್ತಿಕೊಂಡರು. ಎರಡನೆಯ ಸಾಲಿನ ನಡುವೆ ಎಲ್ಲರೂ ಒಮ್ಮೆಲೇ ದನಿ ನಿಲ್ಲಿಸಿದರು. ನನ್ನ ಪೇಟಿ ಮಾತ್ರ ಮುಂದೆ ಹೋಯಿತು.

ಬೀರಪ್ಪನ ಹೆಂಡತಿ ನಕ್ಕಳು. "ಮರತ್ರೇನ್ರಿ ಮಾಸ್ತರ? ನಿಮ್ಮ ಮನಿ ಬಾಯಾರು ಇಲ್ಲಿ ಚೂರ ನಿಂತ ಮುಂದ ಹಾಡ್ತಿದ್ರು."

ಮೊದಲಿನಿಂದ ನುಡಿಸಿದೆ, ಅವರೊಡನೆ ಅಲ್ಲಿ ನಿಂತೆ. ಬಹಳ ದಿನಗಳ ಮೇಲೆ ಮನಸ್ಸಿಗೆ ಹಿತವಾಯಿತು.

ಅವಳು ಕಟ್ಟಿದಾಗ ಹಾಡಿನಲ್ಲಿ ಆ ನಿಲುಗಡೆ ಇರಲಿಲ್ಲ. ಕೊನೆಯ ವರ್ಷ ಅವಳಿಗೆ ಅಲ್ಲಿ ಉಸಿರು ಸಾಲುತ್ತಿರಲಿಲ್ಲ.