ಅತ್ತೆಯ ಮೃಗಶಿರ

ಮೋಡ ಬರಬಹುದಿತ್ತು. ಫೆಬ್ರವರಿಯಲ್ಲಿ ಚೆಂಬೂರಿನ ಮೇಲೆ ಮೋಡ ಇರುವುದಿಲ್ಲ ಎಂಬುದು ನಿಜ. ಆದರೆ ನಾನು ಟೆಲಿಸ್ಕೋಪನ್ನು ಚೀಲದಿಂದ ಹೊರಗೆ ತೆಗೆದರೆ ಬರುತ್ತದೆ ಎಂಬುದೂ ಅಷ್ಟೇ ನಿಜ. ಮೋಡ ಬಾರದಿದ್ದರೆ ರಿಫೈನರಿಯ ಚಿಮಣಿಯ ಬೆಂಕಿ ಅಂದೇ ಎತ್ತರಕ್ಕೆದ್ದು ಅರ್ಧ ಆಕಾಶವನ್ನು ಕಿತ್ತಳೆ ಮಾಡಬಹುದಿತ್ತು. ಸೊಸೈಟಿಯ ಸೆಕ್ರೆಟರಿ ಟೆರೇಸಿನ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ ಯಾರದೋ ಮದುವೆಗೆ ಹೋಗಬಹುದಿತ್ತು. ನೀರಿನ ಟಾಂಕಿ ಉಕ್ಕಿ, ನಾನು ಮನೆಯಿಂದ ಎಳೆದುಕೊಂಡು ಹೋದ ವಯರು ನೆನೆದು, ಮರುದಿನದ ಪತ್ರಿಕೆಯ ಒಳಪುಟದಲ್ಲಿ ನಾನು ನಾಲ್ಕು ಸಾಲಿನ ಸುದ್ದಿಯಾಗಬಹುದಿತ್ತು. ಸಂಕ್ರಾಂತಿಯಿಂದ ಉಳಿದ ಗಾಳಿಪಟದ ಮಾಂಜಾ ದಾರ ಕುತ್ತಿಗೆಗೆ ಸುತ್ತಿಕೊಳ್ಳಬಹುದಿತ್ತು, ನನ್ನದಕ್ಕೋ ಟೆಲಿಸ್ಕೋಪಿನದಕ್ಕೋ. ಎದುರಿನ ಟವರಿನವರು ನಾನು ಅವರ ಮಲಗುವ ಕೋಣೆಯನ್ನು ನೋಡುತ್ತಿದ್ದೇನೆಂದು ಪೊಲೀಸರನ್ನು ಕರೆಯಬಹುದಿತ್ತು. ನನ್ನ ವಯಸ್ಸಿಗೂ ಹೊಟ್ಟೆಗೂ ಆ ಆರೋಪ ಚೆನ್ನಾಗಿಯೇ ಒಪ್ಪುತ್ತದೆ. ಮದುವೆ ಫೋಟೋ ತೆಗೆಯುವವನೊಬ್ಬನಿಂದ ಕೊಂಡ ನನ್ನ ಹಳೆಯ ಕ್ಯಾಮೆರಾ, ಬ್ಯಾಟರಿ ತುಂಬಿದೆ ಎಂದು ತೋರಿಸುತ್ತ ತೋರಿಸುತ್ತಲೇ ಕಣ್ಣು ಮುಚ್ಚಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅತ್ತೆ ಟೆರೇಸಿನ ಮೆಟ್ಟಿಲಲ್ಲಿ ಜಾರಿ ಬೀಳಬಹುದಿತ್ತು.

ಇದನ್ನೆಲ್ಲ ನಾನು ಮನಸ್ಸಿನಲ್ಲೇ ಇಟ್ಟುಕೊಂಡಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಹೆಂಡತಿಗೆ ಒಂದೊಂದಾಗಿ ಬಡಿಸಿದ್ದೆ. ಅವಳು ಕೊನೆಯವರೆಗೂ ಕೇಳಿ, "ಭೂಕಂಪ ಬಿಟ್ಟುಹೋಯ್ತು ನಿಮಗೆ," ಎಂದಳು.

ಬಿಟ್ಟುಹೋಗಿರಲಿಲ್ಲ. ಹೇಳಿರಲಿಲ್ಲ, ಅಷ್ಟೇ.

ಅತ್ತೆ ಎಂದರೆ ಹೆಂಡತಿಯ ತಾಯಿ. ಮಾವ ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕುಳಿತು ಆಯುಷ್ಯ ಕಳೆದವರು. ಅವರು ಹೋದ ಮೇಲೆ ಅತ್ತೆ ನಮ್ಮ ಜೊತೆಗಿದ್ದಾರೆ. ಹೋದ ಮಳೆಗಾಲದ ಹೊತ್ತಿಗೆ ಅವರಿಗೆ ಯಾವುದನ್ನು ನೇರವಾಗಿ ನೋಡಿದರೂ ಅದರ ನಟ್ಟನಡುವೆ ಹೊಗೆ ಕವಿದಂತೆ ಕಾಣತೊಡಗಿತು. ನನ್ನ ಮುಖ ನೋಡಿದರೆ ಎರಡು ಕಿವಿಗಳು ಮಾತ್ರ ಇವೆಯಂತೆ. ಕಣ್ಣಿನ ಡಾಕ್ಟರು ಹೋದ ದೃಷ್ಟಿ ಮರಳುವುದಿಲ್ಲ ಎಂದರು. ಉಳಿದದ್ದು ಎಷ್ಟು ಕಾಲ ಎಂದು ಕೇಳಿದ್ದಕ್ಕೆ, ನೋಡಬೇಕಾದ್ದನ್ನು ನೋಡಿಕೊಳ್ಳಲಿ ಎಂದರು.

ಮನೆಗೆ ಬರುವ ರಿಕ್ಷಾದಲ್ಲಿ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕಾಶಿ, ಬದರಿ, ಏನು ಹೇಳಿದರೂ ಕರೆದುಕೊಂಡು ಹೋಗುವುದೆಂದು ನಾನು ಮನಸ್ಸಿನಲ್ಲೇ ರಜೆ ಲೆಕ್ಕ ಹಾಕುತ್ತಿದ್ದೆ. ಅತ್ತೆ ಹೇಳಿದ್ದು ಬೇರೆ.

"ನನ್ನ ನಕ್ಷತ್ರವನ್ನು ಒಮ್ಮೆ ನೋಡ್ಬೇಕಿತ್ತು."

ಹುಟ್ಟಿದ ಹೊತ್ತಿನಲ್ಲಿ ಚಂದ್ರ ಯಾವ ನಕ್ಷತ್ರದ ಬಳಿ ಇದ್ದನೋ ಅದು ನಮ್ಮದು. ಅತ್ತೆ ಮದುವೆಯಾಗಿ ಮುಂಬೈಗೆ ಬಂದಂದಿನಿಂದ ಪ್ರತಿ ಶನಿವಾರ ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವಾಗ ಗೋತ್ರ ಹೇಳಿ, ಮೃಗಶಿರಾ ನಕ್ಷತ್ರ, ಮಿಥುನ ರಾಶಿ ಎನ್ನುತ್ತಾರೆ. ಭಟ್ಟರು ಅದನ್ನು ಒಂದೇ ಉಸಿರಿನಲ್ಲಿ ದೇವರಿಗೆ ದಾಟಿಸುತ್ತಾರೆ.

"ಇಷ್ಟು ವರ್ಷ ಹೆಸರು ಹೇಳಿದ್ದೇ ಹೇಳಿದ್ದು, ಮುಖ ನೋಡಿದ್ದಿಲ್ಲ," ಎಂದರು ಅತ್ತೆ. "ನೀವು ಹೇಗೂ ಟೆರೇಸಿಗೆ ಹೋಗಿ ಎಂತೆಂತದ್ದೋ ಫೋಟೋ ತೆಗೀತೀರಲ್ಲ ಮಾರಾಯ್ರೆ, ಯಾರಿಗೂ ಬೇಡದ್ದು. ಇದೊಂದು ತೆಗೀರಿ. ದೊಡ್ಡದು ಮಾಡಿ ಕೊಟ್ಟರೆ ಹತ್ತಿರ ಹೋಗಿ ನೋಡ್ತೇನೆ."

ಯಾರಿಗೂ ಬೇಡದ್ದು ಎಂಬ ಮಾತು ಸುಳ್ಳಲ್ಲ. ದೂರದ ನೀಹಾರಿಕೆಗಳ ಚಿತ್ರ ತೆಗೆಯುವ ಚಟ ಇರುವವನು ಲಡಾಖಿನಲ್ಲೋ ಕಛ್‌ನಲ್ಲೋ ಇರಬೇಕು, ನಾನು ಚೆಂಬೂರಿನಲ್ಲಿದ್ದೇನೆ. ಇಲ್ಲಿ ಕ್ಯಾಮೆರಾವನ್ನು ಅರ್ಧ ನಿಮಿಷ ತೆರೆದಿಟ್ಟರೆ ಸಿಗುವುದು ಕಟಿಂಗ್ ಚಹಾದ ಬಣ್ಣದ ಒಂದು ಆಯತ. ಅಂಥ ನೂರಾರು ಆಯತಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿ, ಚಹಾವನ್ನೆಲ್ಲ ಸೋಸಿ ತೆಗೆದರೆ ತಳದಲ್ಲಿ ಸ್ವಲ್ಪ ಆಕಾಶ ಉಳಿಯುತ್ತದೆ. ನಕ್ಷತ್ರಗಳ ಜೊತೆಜೊತೆಗೇ ತಿರುಗುವ ಮೋಟಾರಿನ ಪೀಠವನ್ನು ಧ್ರುವನಕ್ಷತ್ರದ ಕಡೆಗೆ ಹೊಂದಿಸಿಕೊಳ್ಳಬೇಕು. ಮುಂಬೈಯಲ್ಲಿ ಧ್ರುವ ಮೊದಲೇ ಗಿಡ್ಡ; ಎದುರಿಗೆ ಟವರ್ ಎದ್ದ ಮೇಲೆ ಯಾರದೋ ಅಡುಗೆಮನೆಯ ಹಿಂದೆ ಸೇರಿಕೊಂಡಿದ್ದಾನೆ. ನಾನು ಆ ಅಡುಗೆಮನೆಯ ಕಿಟಕಿಯನ್ನೇ ಧ್ರುವನೆಂದು ನಂಬಿ ಕೆಲಸ ಸಾಗಿಸುತ್ತೇನೆ. ಅವರು ಬೇಗ ಊಟ ಮುಗಿಸಿ ದೀಪ ಆರಿಸಿದರೆ ನನ್ನ ಉತ್ತರ ದಿಕ್ಕು ಹೋಯಿತು. ಇಷ್ಟೆಲ್ಲ ಮಾಡಿ ತೆಗೆದ ನನ್ನ ಅತ್ಯುತ್ತಮ ಚಿತ್ರವನ್ನು ಒಮ್ಮೆ ಮನೆಗೆ ಬಂದವರೊಬ್ಬರು ಕನ್ನಡಕ ಏರಿಸಿ ನೋಡಿ, "ಯಾರ ಸ್ಕ್ಯಾನಿಂಗ್ ಇದು?" ಎಂದು ಮೆಲ್ಲಗೆ ಕೇಳಿದ್ದರು.

ಮೃಗಶಿರವೋ, ಮಹಾವ್ಯಾಧನೆಂಬ ಬೇಟೆಗಾರನ ತಲೆ. ಅವನ ಸೊಂಟಪಟ್ಟಿಯ ಮೂರು ನಕ್ಷತ್ರಗಳು ನಮ್ಮ ಹೊಗೆಯಲ್ಲೂ ಕಾಣುತ್ತವೆ. ತಲೆಯಿರುವಲ್ಲಿ ಒತ್ತಿ ಕೂತ ಮೂರು ಮಂಕು ಚುಕ್ಕೆಗಳು ಮಾತ್ರ ಬರಿಗಣ್ಣಿಗೆ ಇಲ್ಲವೇ ಇಲ್ಲ.

ಸೆಕ್ರೆಟರಿಯ ಬಳಿ ಕೀಲಿಯ ಜೊತೆಗೆ ಇನ್ನೂ ಒಂದು ಕೇಳಬೇಕಿತ್ತು: ಟೆರೇಸಿನಲ್ಲಿ ಹೊಸದಾಗಿ ಹಾಕಿದ ಹ್ಯಾಲೋಜನ್ ದೀಪವನ್ನು ಆರಿಸಬೇಕು. ದೀಪ ಆರಿಸಿದರೆ ಜನ ನನ್ನನ್ನೇ ಆರಿಸಿಬಿಡುತ್ತಾರೆ ಎಂದು ಆತ ತಲೆ ಕೊಡವಿದ.

"ಅರೆ ಸಾಬ್, ಬತ್ತಿ ಬಂದ್ ಕಿಯಾ ತೋ ಲೋಗ್ ಮುಝೇ ಬಂದ್ ಕರೇಂಗೆ."

ಇದು ನನ್ನ ಶೋಕಿಗಲ್ಲ, ಅತ್ತೆಯ ಜನ್ಮನಕ್ಷತ್ರಕ್ಕೆ, ಅವರ ಕಣ್ಣು ಹೀಗಾಗಿದೆ ಎಂದು ವಿವರಿಸಿದೆ. ಆತನ ಮುಖವೇ ಬದಲಾಯಿತು.

"ಮಾಜೀ ಕೇ ಲಿಯೇ? ತೋ ಪೆಹಲೇ ಬೋಲನಾ ಥಾ ನಾ!" ಅಮ್ಮನಿಗೆಂದು ಮೊದಲೇ ಹೇಳಬಾರದಿತ್ತೇ ಎನ್ನುತ್ತ ಕೀಲಿಯನ್ನು ನನ್ನ ಕೈಗಿಟ್ಟ. ಆಮೇಲೆ ದನಿ ತಗ್ಗಿಸಿ, ತನ್ನ ನಕ್ಷತ್ರವೂ ಜೊತೆಗೇ ಆದೀತೇ ಎಂದು ಕೇಳಿದ: "ಮೇರಾ ಪುಷ್ಯ ಹೈ. ಸಾಥ್ ಮೇ ಓ ಭೀ ಹೋ ಜಾಯೇಗಾ ಕ್ಯಾ?"

ಸಂಜೆಯೊಳಗೆ ಸುದ್ದಿ ಬಿಲ್ಡಿಂಗ್ ತುಂಬ ಹರಡಿತು. ಲಿಫ್ಟಿನಲ್ಲಿ, ಗೇಟಿನಲ್ಲಿ, ಎಲ್ಲರೂ ತಂತಮ್ಮ ನಕ್ಷತ್ರ ಹೇಳಿ ಕಳಿಸುವವರೇ. "ಎರಡು ಸ್ವಾತಿ, ಒಂದು ಉತ್ತರಾಷಾಢ, ಮೂರನೇ ಮಹಡಿಗೆ ಒಂದು ರೇವತಿ," ಎಂದು ಹೆಂಡತಿ ಹೋಟೆಲಿನ ಮಾಣಿಯ ರಾಗದಲ್ಲಿ ಒಳಗೆ ಕೂಗಿ ಹೇಳಿದಳು.

ಅತ್ತೆ ಮೆಟ್ಟಿಲಲ್ಲಿ ಜಾರಲಿಲ್ಲ. ನಾನು ಹಿಂದಿನಿಂದ ಎರಡೂ ಕೈ ಚಾಚಿಕೊಂಡು ಹತ್ತುತ್ತಿದ್ದುದನ್ನು ಪಕ್ಕನೋಟದಲ್ಲೇ ಕಂಡು, "ನೀವು ಬೀಳಬೇಡಿ," ಎಂದರು. ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿದೆವು. ರಾತ್ರಿಯ ಊಟದ ಹೊತ್ತಿಗಿಂತ ಮೊದಲೇ ಬೇಟೆಗಾರ ನೆತ್ತಿಯ ಮೇಲೆ ಬಂದಿದ್ದ. ಟೆಲಿಸ್ಕೋಪ್ ನೆಟ್ಟಗೆ ಮೇಲಕ್ಕೆ ತಿರುಗಿದ್ದರಿಂದ ಅದರ ಬುಡಕ್ಕೆ ಕಟ್ಟಿದ ಕ್ಯಾಮೆರಾವನ್ನು ನೋಡಲು ನಾನು ಚಾಪೆಯ ಮೇಲೆ ಅಂಗಾತ ಮಲಗಬೇಕಾಯಿತು. ಅಲ್ಲಿ ಮಧ್ಯಾಹ್ನ ಯಾರೋ ಹಪ್ಪಳ ಒಣಗಿಸಿದ್ದರು. ಚೂರುಗಳು ಬೆನ್ನಿಗೆ ಚುಚ್ಚುತ್ತಿದ್ದವು.

"ಎಲ್ಲಿ ಉಂಟು?" ಎಂದರು ಅತ್ತೆ.

ನಾನು ಮಲಗಿದಲ್ಲಿಂದಲೇ ಬೆರಳು ತೋರಿಸಿದೆ. ಅವರಿಗೆ ಕಾಣಲಿಲ್ಲ. ನನಗೂ ಕಾಣುತ್ತಿರಲಿಲ್ಲ. ಮಂಕಾದದ್ದನ್ನು ನೇರವಾಗಿ ನೋಡಬಾರದು, ಕೊಂಚ ಪಕ್ಕಕ್ಕೆ ನೋಡಬೇಕು, ಆಗ ಕಣ್ಣಂಚಿಗೆ ಸಿಗುತ್ತದೆ, ಆಕಾಶ ನೋಡುವವರೆಲ್ಲ ಹಾಗೆಯೇ ಮಾಡುವುದು ಎಂದು ಪಾಠ ಹೇಳಿದೆ.

"ನಾನೀಗ ಸಾರು ಬಡಿಸುದೂ ಹಾಗೇ," ಎಂದರು ಅತ್ತೆ.

ಕ್ಯಾಮೆರಾ ಟಕ್ ಎಂದಿತು. ಮತ್ತೆ ಟಕ್. ಪ್ರತಿ ಸಲವೂ ಅತ್ತೆ, "ಬಂತಾ?" ಎನ್ನುವರು. ಇನ್ನೂ ಬಹಳ ತೆಗೆಯಬೇಕು ಎಂದರೆ, "ಯಾಕೆ, ಅದು ಕಣ್ಣು ಮುಚ್ಚಿತಾ?" ಎಂದು ಕೇಳಿ ಮಗಳ ಜೊತೆ ಸೇರಿ ನಗುವರು. ವಿಮಾನಗಳು ಚೌಕಟ್ಟಿನೊಳಗಿಂದಲೇ ಹಾದುಹೋದವು. ಅವು ಹಾದುಹೋದ ಚಿತ್ರಗಳನ್ನು ಬಿಟ್ಟರೂ ಬೇಕಾದಷ್ಟು ಉಳಿಯುತ್ತಿದ್ದವು. ಬ್ಯಾಟರಿ ಸಾಯಲಿಲ್ಲ. ಟಾಂಕಿ ಉಕ್ಕಲಿಲ್ಲ. ಅಡುಗೆಮನೆಯವರು ಅಂದು ಏನೋ ವಿಶೇಷ ಅಡುಗೆ ಮಾಡುತ್ತಿದ್ದರು. ದೀಪ ಉರಿಯುತ್ತಲೇ ಇತ್ತು. ಎಲ್ಲವೂ ಸರಿಯಾಗುತ್ತಿದ್ದಂತೆ ನಾನು ಎದ್ದು ಹೋಗಿ ವಯರನ್ನು ಮತ್ತೊಮ್ಮೆ ನೋಡಿ ಬಂದೆ. ನನ್ನಂಥವರಿಗೆ ನೆಮ್ಮದಿ ಎಂದರೆ ಅಪಾಯ ಇನ್ನೂ ಹೆಸರು ಹೇಳಿಲ್ಲ ಎಂದರ್ಥ.

ಚಿತ್ರ ಸೋಸುವ ಕೆಲಸ ವಾರಗಟ್ಟಲೆ ಹಿಡಿಯಿತು. ಮೂರು ಚುಕ್ಕೆಗಳು ಬೇಗನೆ ಎದ್ದು ಬಂದವು, ನೀಲಿ ಛಾಯೆಯಲ್ಲಿ, ಮೂವರು ತಲೆ ಕೂಡಿಸಿ ಗುಟ್ಟು ಮಾತಾಡುವ ಹಾಗೆ. ಅವುಗಳ ಸುತ್ತ ಒಂದು ದೊಡ್ಡ ಕೆಂಪು ನೀಹಾರಿಕೆ ಇದೆ ಎಂದು ಪುಸ್ತಕಗಳು ಹೇಳುತ್ತವೆ. ನನ್ನಂಥ ಹಳೆಯ ಕ್ಯಾಮೆರಾಗಳು ಆ ಕೆಂಪನ್ನು ಒಳಗೆ ಬಿಡುವುದಿಲ್ಲ ಎಂದೂ ಹೇಳುತ್ತವೆ. ಆದರೂ ನನ್ನ ಚಿತ್ರದ ಒಂದು ಮೂಲೆಯಲ್ಲಿ ಕೆಂಪಿನ ಸುಳಿವಿತ್ತು. ಅದು ಸಾವಿರ ಜ್ಯೋತಿರ್ವರ್ಷಗಳಾಚೆಯ ಅನಿಲವೋ ನಮ್ಮ ಮಾಹುಲ್ ರಸ್ತೆಯಾಚೆಯ ರಿಫೈನರಿಯ ಅನಿಲವೋ ನನಗೆ ತೀರ್ಮಾನವಾಗಲಿಲ್ಲ. ಅಳಿಸುವುದು, ಉಳಿಸುವುದು, ಮತ್ತೆ ಅಳಿಸುವುದು. "ಅಮ್ಮನ ಕಣ್ಣು ಕಾಯುವುದಿಲ್ಲ," ಎಂದು ಹೆಂಡತಿ ಒಂದು ದಿನ ಹೇಳಿದಳು, ನಗದೆ. ಮರುದಿನವೇ ಸ್ಟೇಷನ್ ಬಳಿಯ ಪ್ರಿಂಟಿಂಗ್ ಅಂಗಡಿಗೆ ಹೋದೆ. ಅಲ್ಲಿಯವನು ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ, ತುಂಬ ಧೂಳು ಕೂತಿದೆ, ಎಲ್ಲ ಚುಕ್ಕೆ ಸಾಫ್ ಮಾಡಿ ಕೊಡಲೇ ಎಂದು ಉದಾರವಾಗಿ ಕೇಳಿದ. ಅವನ ಕೈ ಹಿಡಿದುಕೊಂಡು ಬೇಡ ಎಂದೆ.

ಚೌಕಟ್ಟು ಹಾಕಿಸಿ ತಂದು ಊಟದ ಮೇಜಿನ ಪಕ್ಕದ ಗೋಡೆಯಲ್ಲಿ ತೂಗುಹಾಕುವ ಹೊತ್ತಿಗೆ ಮೇ ಬಂದಿತ್ತು. ಅತ್ತೆ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಮುಖವನ್ನು ಓರೆಮಾಡಿ, ಬಹಳ ಹೊತ್ತು ನಿಂತರು. ಬೆರಳನ್ನು ಗಾಜಿನ ಮೇಲೆ ಆಡಿಸಿ ನಡುವೆ ನಿಲ್ಲಿಸಿದರು.

"ಮೂವರು ಇದ್ದಾರೆ."

"ಹೌದು. ಮೂರೂ ಸೇರಿಯೇ ಮೃಗಶಿರ."

"ಕಾಣ್ತದೆ ಮಾರಾಯ್ರೆ. ಚೆಂದ ಕಾಣ್ತದೆ." ಸೆರಗಿನಿಂದ ಗಾಜು ಒರೆಸಿದರು. "ಅಕ್ಕನಿಗೆ ಫೋನು ಮಾಡಿ ಕೊಡಿ."

ಅಕ್ಕ ಎಂದರೆ ಉಡುಪಿಯಲ್ಲಿ ಮಗನ ಮನೆಯಲ್ಲಿರುವ ಅವರ ಹಿರಿಯಕ್ಕ. ವಯಸ್ಸಾದರೂ ಮಾತು ಚೂಪು. ನಾನು ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ; ಹೊಗಳಿಕೆ ಬಂದರೆ ನನಗೂ ಕೇಳಿಸಲಿ ಎಂಬ ಆಸೆ.

"ಅಳಿಯ ನನ್ನ ಮೃಗಶಿರದ ಫೋಟೋ ತೆಗ್ದು ಗೋಡೆಗೆ ಹಾಕಿದ್ದಾರೆ, ಗೊತ್ತುಂಟಾ?" ಎಂದರು ಅತ್ತೆ.

"ಮೃಗಶಿರವಾ? ಯಾರದ್ದು?"

"ನನ್ನದೇ."

"ನಿನ್ನದು ಎಲ್ಲಿಯ ಮೃಗಶಿರ? ನಿನ್ನದು ಆರ್ದ್ರೆ ಅಲ್ಲವಾ!"

ಅತ್ತೆ ನಕ್ಕರು. "ನಿನಗೆ ಮರೆವು ಶುರುವಾಯ್ತು."

"ನನಗೆ ಎಂತ ಮರೆವು? ನೀನು ಹುಟ್ಟುವಾಗ ನನಗೆ ಬುದ್ಧಿ ಬಂದಿತ್ತು, ನಿನಗೆ ಬಂದಿರ್ಲಿಲ್ಲ. ಮುಂಬೈ ಹುಡುಗನ ಜಾತಕಕ್ಕೆ ಆರ್ದ್ರೆ ಕೂಡಿ ಬರ್ಲಿಲ್ಲ ಅಂತ ಜೋಯಿಸರು ಒಂದು ನಕ್ಷತ್ರ ಹಿಂದೆ ಸರಿಸಿ ಕೊಟ್ಟದ್ದು. ರಾಶಿ ಅದೇ, ಯಾರಿಗೂ ಗೊತ್ತಾಗುದಿಲ್ಲ. ಅಪ್ಪಯ್ಯ ನಿನಗೆ ಹೇಳ್ಲಿಲ್ವಾ?"

"ಇಲ್ಲ."

"ಹೇಳಿದ್ರೆ ನೀನು ಗಂಡನ ಮನೆಯಲ್ಲಿ ಬಾಯಿ ಬಿಡ್ತಿದ್ದೆ. ಒಳ್ಳೆ ಸಂಬಂಧ ಆಯ್ತಲ್ಲ, ಬಿಡು. ಹಲಸಿನ ಹಪ್ಪಳ ಕಳಿಸ್ಲಾ?"

ಕಳಿಸು ಎಂದರು ಅತ್ತೆ. ನಾನು ಫೋನು ಆರಿಸಿದೆ. ಹೆಂಡತಿ ನನ್ನ ಮುಖ ನೋಡಿದಳು, ನಾನು ಸುಳ್ಳು ಹೇಳಲಿ ಎಂಬಂತೆ. ಹೇಳಬಹುದಿತ್ತು, ಆದರೆ ನನಗೆ ಸುಳ್ಳು ಹೊಳೆಯುವುದು ಮರುದಿನ.

ಆರ್ದ್ರೆ ಎಂದರೆ ಬೇಟೆಗಾರನ ಭುಜದ ಕೆಂಪು ನಕ್ಷತ್ರ. ಮುಂಬೈಯ ಯಾವ ಹೊಗೆಗೂ ಬಗ್ಗದೆ ಕೆಂಡದಂತೆ ಉರಿಯುವಂಥದ್ದು. ಟೆಲಿಸ್ಕೋಪ್ ಬೇಡ, ಕ್ಯಾಮೆರಾ ಬೇಡ, ಹ್ಯಾಲೋಜನ್ ಆರಿಸುವುದೂ ಬೇಡ. ಅಂದು ಟೆರೇಸಿನಲ್ಲಿ ಅತ್ತೆಯ ಕುರ್ಚಿಯ ನೇರ ಮೇಲೆ ಅದು ಇಡೀ ಸಂಜೆ ಇತ್ತು. ಅದರ ಕಡೆಗೆ ಮಾತ್ರ ನಾನು ಬೆರಳು ತೋರಿಸಿರಲಿಲ್ಲ. ಈಗ ಅದು ಸೂರ್ಯನ ಜೊತೆಗೇ ಮುಳುಗುತ್ತಿದೆ, ಮುಂದೆ ಮಳೆ, ಮತ್ತೆ ಸಂಜೆಯ ಆಕಾಶಕ್ಕೆ ಬರುವುದು ಚಳಿಗಾಲಕ್ಕೆ. ಚಳಿಗಾಲದ ಬಗ್ಗೆ ಡಾಕ್ಟರು ಯಾವ ಮಾತನ್ನೂ ಕೊಟ್ಟಿಲ್ಲ.

ಅತ್ತೆ ಎದ್ದು ಮತ್ತೆ ಚಿತ್ರದ ಮುಂದೆ ನಿಂತರು.

"ಆರ್ದ್ರೆ ಇದರಲ್ಲಿ ಯಾವುದು?"

"ಇದರಲ್ಲಿ ಇಲ್ಲ."

"ತುಂಬ ದೂರವಾ?"

"ಇಲ್ಲ. ಹತ್ತಿರವೇ."

"ಎಲ್ಲಿ, ತೋರಿಸಿ."

ಅವರ ಬೆರಳು ಹಿಡಿದುಕೊಂಡೆ. ಮೂರು ಚುಕ್ಕೆಗಳಿಂದ ಎಡಕ್ಕೆ, ಸ್ವಲ್ಪ ಕೆಳಕ್ಕೆ, ಕೆಂಪಿನ ಸುಳಿವನ್ನು ದಾಟಿಸಿ, ಚೌಕಟ್ಟಿನ ಮರವನ್ನು ದಾಟಿಸಿ, ಗೋಡೆಯ ಮೇಲೆ ಒಂದು ಮೊಳದಷ್ಟು ಸರಿಸಿ ನಿಲ್ಲಿಸಿದೆ. ಅಲ್ಲಿ ಕೊಡೆ ತೂಗುಹಾಕುವ ಮೊಳೆ ಇತ್ತು. ಅತ್ತೆ ಮುಖ ಓರೆಮಾಡಿ ಅದನ್ನು ಮುಟ್ಟಿ ನೋಡಿದರು.

"ಇದಾ?"

"ಹೌದು," ಎಂದೆ. "ಇಲ್ಲೇ."