ತಲೆಕೆಳಗಾಗದ ಮುಖ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಶುರು ಮಾಡಿದರೆ ಮೊದಲು ನಗುತ್ತಿದ್ದವನು ನಾನೇ. ಲೋಹದ ಜೊತೆ ಕೆಲಸ ಮಾಡುವವನಿಗೆ ಅಳತೆಗೆ ಸಿಕ್ಕಿದ್ದಷ್ಟೇ ನಿಜ. ಈಗ ಎಲ್ಲವನ್ನೂ ನಂಬುತ್ತೇನೆ ಅಂತಲ್ಲ. ನಡೆದದ್ದನ್ನು ಹೇಳಿಬಿಡುತ್ತೇನೆ, ನೀವು ಏನಾದರೂ ಅಂದುಕೊಳ್ಳಿ.

ಕೆಲವು ವರ್ಷಗಳ ಹಿಂದಿನ ಮಾತು. ಹೊನ್ನಾಳಿಯ ಹೊರಗಿನ ಒಂದು ಶೆಡ್ಡಿನಲ್ಲಿ ನಾವು ಮೂವರು ಬಾಹ್ಯಾಕಾಶಕ್ಕೆ ಹೋಗುವ ದೂರದರ್ಶಕಗಳಿಗೆ ಕನ್ನಡಿ ಮಾಡುತ್ತಿದ್ದೆವು. ಗಾಜಿನದಲ್ಲ, ಅಲ್ಯೂಮಿನಿಯಂನದು. ಹಿಟ್ಟಿನಂಥ ಲೋಹದ ಪುಡಿಯನ್ನು ತೆಳ್ಳಗೆ ಹರಡಿ, ಬೇಕಾದಲ್ಲಿ ಮಾತ್ರ ಲೇಸರಿನಿಂದ ಕರಗಿಸಿ, ಪದರದ ಮೇಲೆ ಪದರ ಕೂರಿಸುವ ಯಂತ್ರವನ್ನು ಜಗಳೂರಿನ ರುದ್ರಣ್ಣ ನೋಡಿಕೊಳ್ಳುತ್ತಿದ್ದ. ಕನ್ನಡಿಯ ಬೆನ್ನೆಲ್ಲ ಜೇನುಗೂಡಿನ ಹಾಗೆ ಟೊಳ್ಳು. ಒಂದೇ ಕೈಯಲ್ಲಿ ಎತ್ತಬಹುದು. ಮುಖ ಉಜ್ಜಿ ಹೊಳಪು ಕೊಡುವವನು ನಾನು, ನ್ಯಾಮತಿಯವನು. ಅಳೆದು ನೋಡುವವರು ಚನ್ನಗಿರಿಯಿಂದ ಬಸ್ಸಿಗೆ ಬರುತ್ತಿದ್ದ ನಾಗರತ್ನಕ್ಕ. ಕೊನೆಗೆ ಸರಿಯಿದೆ ಎಂದು ನಾನು ಸಹಿ ಹಾಕಿದರೆ ಮಾತ್ರ ಕನ್ನಡಿ ಹೊರಡುತ್ತಿತ್ತು.

ಇಂಥ ಕನ್ನಡಿ ಸೌಟಿನ ಹಾಗೆ ಒಳಕ್ಕೆ ಬಾಗಿರುತ್ತದೆ. ಗೇಣು ದೂರದಲ್ಲಿ ಮುಖವಿಟ್ಟರೆ ನೆಟ್ಟಗೆ, ದೊಡ್ಡದಾಗಿ ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದೆ ನಿಂತರೆ ಯಾರಾದರೂ ತಲೆಕೆಳಗೇ. ಪೆಟ್ಟಿಗೆಗೆ ಹಾಕುವ ಮುಂಚೆ ಮೂವರೂ ಅದರ ಮುಂದೆ ಸಾಲಾಗಿ ನಿಂತು, ನಮ್ಮ ತಲೆಕೆಳಗಾದ ಮುಖಗಳನ್ನು ನೋಡಿ ನಗುವುದು ನಮ್ಮ ಶೆಡ್ಡಿನ ಪದ್ಧತಿ.

ಆ ಮಧ್ಯಾಹ್ನವೂ ನಿಂತೆವು. ರುದ್ರಣ್ಣ ತಲೆಕೆಳಗೆ. ನಾಗರತ್ನಕ್ಕ ತಲೆಕೆಳಗೆ. ಅವರ ನಡುವೆ ನಾನು ನೆಟ್ಟಗಿದ್ದೆ, ಅವರಿಬ್ಬರಿಗಿಂತ ದೊಡ್ಡದಾಗಿ.

ಎರಡು ಹೆಜ್ಜೆ ಹಿಂದೆ ಸರಿದೆ. ಆ ಮುಖ ಸರಿಯಲಿಲ್ಲ. ಕನ್ನಡಿಗೆ ಗೇಣು ದೂರದಲ್ಲಿ ನನ್ನ ಮುಖ ಹೊತ್ತು ಇನ್ಯಾರೋ ನಿಂತಂತಿತ್ತು. ಅಲ್ಲಿ ನೋಡಿದರೆ ಬರೀ ಮೇಜು.

"ಏನ್ ತಮ್ಮಾ, ದೆವ್ವ ಕಂಡೋರಂಗೆ ಬೆವರ್ತೀಯಲ್ಲ?" ಎಂದು ರುದ್ರಣ್ಣ ನಕ್ಕ.

"ಅಕ್ಕಾ, ಇನ್ನೊಂದ್ಸಲ ಅಳೀರಿ," ಎಂದೆ.

ತಪ್ಪು ಸಿಕ್ಕರೆ ತಿಂಗಳುಗಟ್ಟಲೆ ಪಟ್ಟ ಶ್ರಮ ಗುಜರಿಗೆ ಹೋಗುತ್ತಿತ್ತು. ಆದರೂ ತಪ್ಪು ಸಿಗಲಪ್ಪಾ ಎಂದು ದೇವರನ್ನು ಬೇಡಿಕೊಂಡೆ. ಕನ್ನಡಿ ಕೆಟ್ಟಿದ್ದರೆ ಕರಗಿಸಬಹುದು. ಕೆಟ್ಟಿರುವುದು ನಾನಾಗಿದ್ದರೆ?

ಅಕ್ಕ ಅಳೆದರು. ಕೂದಲೆಳೆಯನ್ನು ಸಾವಿರ ಸೀಳು ಮಾಡಿದರೆ ಎಷ್ಟೋ, ಅಷ್ಟೂ ದೋಷವಿರಲಿಲ್ಲ.

"ಹಂಗಾರೆ ನಾನ್ ಹೆಂಗ್ ಕಾಣ್ತೀನಿ, ನೋಡಿ ಹೇಳ್ರಿ," ಎಂದೆ.

ಅವರು ನನ್ನ ಪಕ್ಕ ಬಂದು ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಿಯ ಮೇಲೆ ಬಟ್ಟೆ ಎಳೆದು, "ಎಲ್ಲ ಸರಿಯಾಗೈತೆ, ಸಹಿ ಹಾಕಿ ಕಳಿಸಿಬಿಡು," ಎಂದರು. ನನ್ನ ಮುಖ ಮಾತ್ರ ನೋಡಲಿಲ್ಲ.

ಸಹಿ ಹಾಕಿದೆ. ಅಂದು ಅವರಿಗೆ ಕಂಡದ್ದೇನು ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಅವರಾಗಿ ಹೇಳಿಯೂ ಇಲ್ಲ. ಅದಾದ ಮೇಲೆಯೂ ಎಷ್ಟೋ ಕನ್ನಡಿ ಮಾಡಿದ್ದೇವೆ. ಪೆಟ್ಟಿಗೆ ಕಟ್ಟುವ ಹೊತ್ತಿಗೆ ಸರಿಯಾಗಿ ಅಕ್ಕ ನನ್ನನ್ನು ಟೀ ತರಲು ಕಳಿಸುತ್ತಾರೆ. ನಾನೂ ಎದ್ದು ಹೋಗುತ್ತೇನೆ.